ದೀಪಾವಳಿಗೆ ಬರಬೇಕಿದ್ದ ಡಬ್ಬಿ ಐಪಿಎಲ್‌ಗೆ ಬಂತು

ಟಿವಿಗೆ ಇಂಟರ್ನೆಟ್ ತರುವ, ಅಂಗೈಯಲ್ಲಿ ಹಿಡಿಸುವ ಒಂದು ಕಪ್ಪು ಡಬ್ಬಿ, ಒಂದು ರಿಮೋಟ್, ಒಂದು ಅಡಾಪ್ಟರ್, ಒಂದು ಎಚ್‌ಡಿಎಂಐ ವೈರು. ಇಷ್ಟನ್ನು ಅಂಗಡಿಯ ಕಪಾಟಿನಲ್ಲಿ ಇಡಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಎಂಟು ತಿಂಗಳು ಸಾಕು ಅಂತ ಹೊರಟವರು ನಾವು. 2024ರ ದೀಪಾವಳಿಗೆ ಬಿಡುಗಡೆ ಅಂತ ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿಂದ ಸುತ್ತು ಹಾಕಿದ್ದೆವು. ಡಬ್ಬಿ ಅಂಗಡಿ ಸೇರಿದ್ದು 2025ರ ಮಾರ್ಚ್ 10ಕ್ಕೆ. ಅಷ್ಟರಲ್ಲಿ ಆ ಕ್ಯಾಲೆಂಡರ್ ಕಸದ ಬುಟ್ಟಿಗೆ ಹೋಗಿತ್ತು.

ಟಿವಿಗೆ ಹಾಕುವ ಸ್ಟ್ರೀಮಿಂಗ್ ಬಾಕ್ಸನ್ನು ಸ್ವಂತ ಹೆಸರಲ್ಲಿ ತರಬೇಕು, ಏನು ಮಾಡಬೇಕು ಅಂತ ಇತ್ತೀಚೆಗೆ ಮೂರ್ನಾಲ್ಕು ಜನ ನನ್ನನ್ನು ಕೇಳಿದರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಒಂದೊಂದು ಗಂಟೆ ಇದೇ ಕಥೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಮ್ಮದು ರಾಜಾಜಿನಗರದಲ್ಲಿ ಒಂದು ಬೇಕರಿ ಮೇಲಿನ ಆಫೀಸು. ಐದು ಜನ. ನಾನು ಹತ್ತು ವರ್ಷ ಸೆಟ್ ಟಾಪ್ ಬಾಕ್ಸ್‌ಗಳ ಸಾಫ್ಟ್‌ವೇರ್ ಬರೆದವನು. ಪಾಲುದಾರ ಶಿವು ತಿಪಟೂರಿನವನು, ಅವನ ಮಾವನದು ಅಲ್ಲೇ ಎಲೆಕ್ಟ್ರಾನಿಕ್ಸ್ ಅಂಗಡಿ. ನಮ್ಮ ಯೋಚನೆ ಸರಳವಾಗಿತ್ತು. ಊರುಗಳಲ್ಲಿ ಇನ್ನೂ ಲೆಕ್ಕವಿಲ್ಲದಷ್ಟು ಹಳೇ ಎಲ್‌ಇಡಿ ಟಿವಿಗಳಿವೆ. ಎಚ್‌ಡಿಎಂಐ ಕಿಂಡಿ ಇದೆ, ಇಂಟರ್ನೆಟ್ ಇಲ್ಲ. ಅವಕ್ಕೆ ಕನ್ನಡದಲ್ಲೇ ತೆರೆದುಕೊಳ್ಳುವ, ಕನ್ನಡದಲ್ಲಿ ಮಾತಾಡಿದರೆ ಹುಡುಕಿಕೊಡುವ ಒಂದು ಡಬ್ಬಿ. ಬೆಲೆ 2,999.

ದೊಡ್ಡವರಿರುವ ಜಾಗದಲ್ಲಿ ನಮಗೇನು ಕೆಲಸ ಅಂತ ಎಲ್ಲರೂ ಕೇಳಿದರು. ನನ್ನ ಹತ್ತಿರ ಒಂದು ಉತ್ತರ ಇತ್ತು. ದೊಡ್ಡವರು ನಮ್ಮ ದೇಶಕ್ಕೆ ಯಾವಾಗಲೂ ತಡವಾಗಿಯೇ ಬಂದಿದ್ದಾರೆ. ಅಮೆರಿಕದಲ್ಲಿ 2013ರ ಜುಲೈನಲ್ಲಿ 35 ಡಾಲರ್‌ಗೆ ಬಂದ, ಇಂಥದ್ದೇ ಕೆಲಸದ ಗೂಗಲ್‌ನ ಕ್ರೋಮ್‌ಕಾಸ್ಟ್ ಇಲ್ಲಿ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ, 2,999 ರೂಪಾಯಿಗೆ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಅಲ್ಲಿ 2014ರಲ್ಲೇ ಬಂತು, ಇಲ್ಲಿಗೆ 2017ರ ಏಪ್ರಿಲ್, 3,999 ರೂಪಾಯಿ. ಗೂಗಲ್ ಟಿವಿ ಇರುವ ಕ್ರೋಮ್‌ಕಾಸ್ಟ್ ಅಲ್ಲಿ 2020ರ ಸೆಪ್ಟೆಂಬರ್, ಇಲ್ಲಿ 2022ರ ಜುಲೈ. ಅದೂ 6,399 ರೂಪಾಯಿ. ಇಂಥ ಡಬ್ಬಿ ಮಾಡುವ ಅಮೆರಿಕದ ರೋಕು ಕಂಪನಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಆಫೀಸು ಇದೆ, ಆದರೆ ಅವರ ಡಬ್ಬಿ ಮಾತ್ರ ಇಲ್ಲಿ ಮಾರಾಟಕ್ಕಿಲ್ಲ. ಈ ಸಂದಿಯಲ್ಲಿ ಒಂದು ಸಣ್ಣ ಡಬ್ಬಿ ನುಸುಳಬಹುದು ಅಂತ ನಂಬಿದ್ದೆ. ನಂಬಿಕೆ ಪೂರ್ತಿ ತಪ್ಪೇನಲ್ಲ. ಅವರ ತಡ ನೋಡಿ ನಕ್ಕಿದ್ದೆನಲ್ಲ, ಅವರು ಯಾಕೆ ತಡ ಮಾಡ್ತಾರೆ ಅಂತ ನನಗೆ ಆಮೇಲೆ ಗೊತ್ತಾಯಿತು.

2024ರ ಜನವರಿ ಕೊನೆಗೆ ಶೆನ್‌ಜೆನ್‌ನ ಒಂದು ಕಾರ್ಖಾನೆ ಜೊತೆ ಮಾತು ಮುಗಿಸಿದೆವು. ಬೋರ್ಡ್ ಅವರದು, ಜೋಡಣೆ ಬೊಮ್ಮಸಂದ್ರದ ಒಂದು ಘಟಕದಲ್ಲಿ. ಸ್ಯಾಂಪಲ್‌ಗೆ ದುಡ್ಡು ಕಳಿಸಿದ ಮರುದಿನವೇ ಅಲ್ಲಿಂದ ಒಂದು ಮೆಸೇಜ್: ರಜೆ ಶುರು. ಚೀನಾದ ಹೊಸ ವರ್ಷ ಆ ಸಲ ಫೆಬ್ರವರಿ 10ಕ್ಕೆ. ಹಬ್ಬಕ್ಕೆ ವಾರ ಮುಂಚೆಯೇ ಕೆಲಸಗಾರರು ಊರಿಗೆ ಹೊರಡುತ್ತಾರೆ, ಹಬ್ಬ ಮುಗಿದ ಮೇಲೂ ಎಲ್ಲರೂ ಒಟ್ಟಿಗೆ ವಾಪಸು ಬರುವುದಿಲ್ಲ. ನಮ್ಮಲ್ಲಿ ಗಾರ್ಮೆಂಟ್ಸ್ ಹುಡುಗರು ಯುಗಾದಿಗೆ ಊರಿಗೆ ಹೋದ ಹಾಗೆ ಅಂದುಕೊಳ್ಳಿ. ಸ್ಯಾಂಪಲ್ ಕೈಗೆ ಬಂದಿದ್ದು ಮಾರ್ಚ್ ಕೊನೆಗೆ. ಅದರಲ್ಲೂ ಹತ್ತು ದಿನ ಕಸ್ಟಮ್ಸ್‌ನಲ್ಲಿ ಕಳೆದವು. ಪರೀಕ್ಷೆಗೆ ಅಂತ ನಾಲ್ಕೈದು ಪೀಸ್ ತರಿಸುವುದಕ್ಕೂ ಮೊದಲೇ ಕಡ್ಡಾಯ ನೋಂದಣಿಯಿಂದ ವಿನಾಯಿತಿ ಪತ್ರ ಮಾಡಿಸಿಕೊಳ್ಳಬೇಕು ಅನ್ನುವುದು ನಮಗೆ ತಿಳಿದಿರಲಿಲ್ಲ. ನೀವು ಮಾಡಿಸಿಕೊಳ್ಳಿ. ಆಮದು ಕೋಡ್ ಇದ್ದರೆ ಸಾಲದು.

ಇಲ್ಲಿಂದ ಕಾಗದದ ಪರ್ವ ಶುರು.

ಮೊದಲು ಬಿಐಎಸ್, ಅಂದರೆ ವಸ್ತುಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ. ಸೆಟ್ ಟಾಪ್ ಬಾಕ್ಸ್‌ಗೆ ಕಡ್ಡಾಯ ನೋಂದಣಿ ಇದೆ. ಮಾನ್ಯತೆ ಇರುವ ಲ್ಯಾಬಿನಲ್ಲಿ ಸುರಕ್ಷತಾ ಪರೀಕ್ಷೆ ಮಾಡಿಸಬೇಕು, ವರದಿ ಹಿಡಿದು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಬರುತ್ತದೆ, ಅದು ಡಬ್ಬಿಯ ಮೇಲೆ ಇರಬೇಕು. ತುಂಬ ಜನ ಗೊಂದಲ ಮಾಡಿಕೊಳ್ಳುವುದು ಒಂದು ಕಡೆ. ಈ ನೋಂದಣಿ ಸಿಗುವುದು ಬ್ರ್ಯಾಂಡ್‌ಗಲ್ಲ, ತಯಾರಿಸುವ ಕಾರ್ಖಾನೆಗೆ, ಆ ವಿಳಾಸಕ್ಕೆ. ನಮ್ಮ ಬ್ರ್ಯಾಂಡ್ ಹೆಸರು, ಮಾಡೆಲ್ ಹೆಸರು ಅದರೊಳಗೆ ಸೇರುತ್ತವೆ ಅಷ್ಟೇ. ನಾಳೆ ಜೋಡಣೆಗೆ ಬೇರೆ ಘಟಕಕ್ಕೆ ಹೋದರೆ ಎಲ್ಲ ಮತ್ತೆ ಮೊದಲಿಂದ. ಹಾಗಾಗಿ ರೇಟ್ ನೋಡಿ ಘಟಕ ಹಿಡಿಯಬೇಡಿ. ಎರಡು ವರ್ಷ ಜೊತೆಗಿರುವವರಾ ಅಂತ ನೋಡಿ ಹಿಡಿಯಿರಿ. ಇನ್ನೊಂದು, ಅಡಾಪ್ಟರ್‌ಗೆ ಬೇರೆಯೇ ನೋಂದಣಿ ಬೇಕು. ಅಡಾಪ್ಟರ್ ಮಾಡುವವರ ಹತ್ತಿರ ಇದ್ದರೆ ಅದರ ಪ್ರತಿ ತಗೊಂಡು ಇಟ್ಟುಕೊಳ್ಳಿ.

ಎರಡನೆಯದು ವೈಫೈ, ಬ್ಲೂಟೂತ್‌ಗೆ ಡಬ್ಲ್ಯೂಪಿಸಿ, ಅಂದರೆ ದೂರಸಂಪರ್ಕ ಇಲಾಖೆಯ ರೇಡಿಯೋ ವಿಭಾಗ, ಕೊಡುವ ಇಟಿಎ ಒಪ್ಪಿಗೆ. ಇದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ. 10,000 ರೂಪಾಯಿ ಶುಲ್ಕ. ರೇಡಿಯೋ ಪರೀಕ್ಷೆಯ ವರದಿ ಸರಿಯಾಗಿದ್ದರೆ ಎಲ್ಲಕ್ಕಿಂತ ಬೇಗ ಮುಗಿಯುವ ಕೆಲಸ ಇದೇ. ಸರಿಯಾಗಿದ್ದರೆ!

ನಮ್ಮ ಮಾಡೆಲ್ ಹೆಸರು ಕೆ-21. ಮಧ್ಯೆ ಒಂದು ಅಡ್ಡಗೆರೆ. ಸುರಕ್ಷತಾ ವರದಿಯಲ್ಲಿ ಕೆ-21 ಅಂತ ಇತ್ತು. ರೇಡಿಯೋ ವರದಿಯಲ್ಲಿ ಕೆ21. ಶೆನ್‌ಜೆನ್‌ನವರು ಬೋರ್ಡ್ ಮೇಲೆ ಮುದ್ರಿಸಿದ್ದು ಕೆ, ಒಂದು ಖಾಲಿ ಜಾಗ, ಆಮೇಲೆ 21. ಮೂರೂ ಒಂದೇ ಅಂತ ನಮಗೆ ಗೊತ್ತು, ನಿಮಗೂ ಗೊತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲವಲ್ಲ. ಜೂನ್ ಮಧ್ಯದಲ್ಲಿ ಒಂದು ಶುಕ್ರವಾರ ಸಂಜೆ ನಮ್ಮ ಅಕೌಂಟ್ಸ್ ನೋಡುವ ಹುಡುಗಿ ಮೂರು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, "ಸಾರ್, ಇವು ಮೂರು ಬೇರೆ ಬೇರೆ ಐಟಮ್ಮಾ?" ಅಂತ ಕೇಳಿದಳು. ಹೊಟ್ಟೆಯಲ್ಲಿ ತಣ್ಣೀರು ಸುರಿದ ಹಾಗಾಯಿತು. ಅಷ್ಟರಲ್ಲಿ ಇಟಿಎ ಒಂದು ಹೆಸರಲ್ಲಿ ಬಂದಾಗಿತ್ತು, ಬಿಐಎಸ್ ಅರ್ಜಿ ಇನ್ನೊಂದು ಹೆಸರಲ್ಲಿ ತಯಾರಾಗಿತ್ತು.

ಲ್ಯಾಬಿನವರು ವರದಿ ತಿದ್ದಲು ಕೋರಿಕೆ ಪತ್ರ ಕೇಳಿದರು. ಕೊಟ್ಟೆವು. ಲೆಟರ್‌ಹೆಡ್‌ನಲ್ಲಿ ಬೇಕು ಅಂದರು. ಕೊಟ್ಟೆವು. ಸೀಲು ಇಲ್ಲ ಅಂದರು. ಆಮೇಲೆ ಅವರ ಸಾಲಿನಲ್ಲಿ ನಮ್ಮ ಸರದಿ ಬರಬೇಕು. ಹತ್ತೊಂಬತ್ತು ದಿನ. ಇಟಿಎಯನ್ನು ತಿದ್ದಿಸುವ ರಗಳೆ ಬೇಡ ಅಂತ ಹೊಸದಾಗಿಯೇ ಹಾಕಿದೆವು, ಇನ್ನೊಂದು 10,000. ಬಿಐಎಸ್ ಅರ್ಜಿಗೆ ಜೋಡಿಸುವ ಪರೀಕ್ಷಾ ವರದಿ ತೊಂಬತ್ತು ದಿನಕ್ಕಿಂತ ಹಳೆಯದಾಗಿರಬಾರದು. ನಾವು ಎಪ್ಪತ್ತೆಂಟನೇ ದಿನ ಅರ್ಜಿ ಹಾಕಿದೆವು. ಆ ಹನ್ನೆರಡು ದಿನದ ಅಂತರ ನೆನೆಸಿಕೊಂಡರೆ ಈಗಲೂ ನಿದ್ದೆ ಬರುವುದಿಲ್ಲ.

ಮಾಡೆಲ್ ಹೆಸರು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಂದೇ ಥರ ಇದೆಯಾ ಅಂತ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬೋರ್ಡ್, ಲೇಬಲ್, ಕಾರ್ಟನ್, ಬಳಕೆದಾರರ ಕೈಪಿಡಿ, ಸಾಫ್ಟ್‌ವೇರ್ ಒಳಗಿನ ಹೆಸರು, ಟ್ರೇಡ್‌ಮಾರ್ಕ್ ಪತ್ರ, ಎಲ್ಲ ಕಡೆ.

ಮೂರನೆಯದು ಇ-ತ್ಯಾಜ್ಯ. 2022ರ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಮ್ಮ ಬ್ರ್ಯಾಂಡ್ ಹೆಸರಲ್ಲಿ ಡಬ್ಬಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಇದನ್ನು ಮುಗಿಸಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ರಿಮೋಟ್ ಜೊತೆ ಕೊಡುವ ಎರಡು ಪುಟ್ಟ ಸೆಲ್‌ಗಳಿಗೆ ಬ್ಯಾಟರಿ ತ್ಯಾಜ್ಯದ ನಿಯಮ ಬೇರೆ ಇದೆ ಅಂತ ಗೊತ್ತಾಯಿತು. ಶಿವು, "ಸೆಲ್ ಕೊಡೋದೇ ಬೇಡ, ಗಿರಾಕಿ ಅಂಗಡೀಲಿ ತಗೊಳ್ಳಲಿ" ಅಂದ. ಅವನ ಮಾವ ಫೋನಿನಲ್ಲೇ ಬೈದರು. "ಸೆಲ್ ಇಲ್ದೆ ಡಬ್ಬಿ ಕೊಟ್ರೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ."

ಇದರ ಜೊತೆಜೊತೆಗೇ ಸಾಫ್ಟ್‌ವೇರ್. ಎಸ್‌ಪಿ ರೋಡಿನಲ್ಲಿ ಸಾವಿರದ ನಾನೂರಕ್ಕೆ ಸಿಗುವ ಡಬ್ಬಿಯಲ್ಲೂ ಆಂಡ್ರಾಯ್ಡ್ ಇರುತ್ತದೆ, ನಿಮ್ಮದೇಕೆ ದುಬಾರಿ ಅಂತ ಡೀಲರ್‌ಗಳು ಕೇಳುತ್ತಲೇ ಇದ್ದರು. ಅದರಲ್ಲಿರುವುದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಬರೀ ಆಂಡ್ರಾಯ್ಡ್. ಪ್ಲೇ ಸ್ಟೋರ್ ಸಹಿತ ಅಧಿಕೃತ ಆಂಡ್ರಾಯ್ಡ್ ಟಿವಿ ಬೇಕಾದರೆ ಗೂಗಲ್‌ನ ಪರೀಕ್ಷೆಗಳ ಸರಮಾಲೆ ದಾಟಬೇಕು. ಅದಕ್ಕಾಗಿಯೇ ಮೊದಲೇ ಒಪ್ಪಿಗೆ ಇರುವ ಕಾರ್ಖಾನೆ ಹಿಡಿದಿದ್ದೆವು. ಆದರೂ ನಮ್ಮ ಹೆಸರು, ನಮ್ಮ ಕನ್ನಡದ ಹೋಮ್ ಸ್ಕ್ರೀನ್ ಸೇರಿದ ಮೇಲೆ ಮತ್ತೆ ಪರೀಕ್ಷೆ. ತಡವಾದರೆ ಭದ್ರತಾ ಪ್ಯಾಚ್ ಹಳೆಯದಾಗುತ್ತದೆ. ಪ್ಯಾಚ್ ಹಾಕಿದರೆ ಬಿಲ್ಡ್, ಅಂದರೆ ಡಬ್ಬಿಗೆ ಹಾಕುವ ಸಾಫ್ಟ್‌ವೇರ್‌ನ ಪ್ರತಿ, ಬದಲಾಗುತ್ತದೆ. ಬಿಲ್ಡ್ ಬದಲಾದರೆ ಮತ್ತೆ ಪರೀಕ್ಷೆ. ಒಂದು ಕಡೆ ತಡವಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ, ಮರಿ ಹಾಕುತ್ತದೆ.

ನೆಟ್‌ಫ್ಲಿಕ್ಸ್ ವಿಚಾರ ಎಲ್ಲರೂ ಕೇಳುತ್ತಾರೆ. ಅದಕ್ಕೆ ಅವರದೇ ಪ್ರತ್ಯೇಕ ಪ್ರಮಾಣೀಕರಣ ಇದೆ. ಎರಡು ಸಾವಿರ ಡಬ್ಬಿ ಮಾಡುವ ನಾವು ಆ ದಾರಿಗೆ ಹೋಗಲೇ ಇಲ್ಲ. ಡಬ್ಬಿಯ ಮೇಲೆ ಅದನ್ನು ಸ್ಪಷ್ಟವಾಗಿ ಬರೆದೆವು. ಇದರಿಂದ ಕೆಲವು ಗಿರಾಕಿಗಳು ಹೋದರು, ಆದರೆ ಒಬ್ಬರೂ ವಾಪಸು ತಂದು ಮುಖಕ್ಕೆ ಎಸೆಯಲಿಲ್ಲ.

ಖರ್ಚಿನಲ್ಲಿ ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಎಚ್‌ಡಿಎಂಐ ಪರವಾನಗಿ. ಆ ಕಿಂಡಿ ಇಟ್ಟುಕೊಳ್ಳಲು ದುಡ್ಡು ಕಟ್ಟಬೇಕು ಅಂತ ಎಷ್ಟು ಜನಕ್ಕೆ ಗೊತ್ತು? ಕಡಿಮೆ ಸಂಖ್ಯೆಯಲ್ಲಿ ಮಾಡುವವರಿಗೆ ವರ್ಷಕ್ಕೆ 5,000 ಡಾಲರ್, ಜೊತೆಗೆ ಡಬ್ಬಿಗೆ ಒಂದು ಡಾಲರ್. ಅದರ ಮೇಲೆ ರಾಯಲ್ಟಿ: ಸುಮ್ನೆ ಇದ್ದರೆ ಒಂದಕ್ಕೆ 15 ಸೆಂಟ್, ಅವರ ಲೋಗೋ ಹಾಕಿದರೆ 5 ಸೆಂಟ್. ಲೋಗೋ ಹಾಕಿದರೆ ಅಗ್ಗ. ನಾವು ಎಷ್ಟು ದೊಡ್ಡದಾಗಿ ಹಾಕಿದೆವು ಅಂದರೆ ನಮ್ಮ ಬ್ರ್ಯಾಂಡ್ ಹೆಸರೇ ಅದರ ಪಕ್ಕ ಚಿಕ್ಕದಾಗಿ ಕಾಣುತ್ತಿತ್ತು. ಎರಡು ಸಾವಿರ ಡಬ್ಬಿಗೆ ಹಂಚಿದರೆ ಆ ವರ್ಷದ ಶುಲ್ಕ, ಡಬ್ಬಿಯ ಡಾಲರ್ ಸೇರಿ ತಲಾ ಮುನ್ನೂರರ ಹತ್ತಿರ ಬಂತು. ಹತ್ತು ಸಾವಿರ ಮಾಡುವ ಧೈರ್ಯ ಇದ್ದಿದ್ದರೆ ಈ ಲೆಕ್ಕವೇ ಬೇರೆ ಇರುತ್ತಿತ್ತು.

ಆಗಸ್ಟ್ 6ಕ್ಕೆ ಒಂದು ಸುದ್ದಿ ಬಂತು. ಗೂಗಲ್ ಕ್ರೋಮ್‌ಕಾಸ್ಟ್ ತಯಾರಿಕೆ ನಿಲ್ಲಿಸುತ್ತದೆ, ಅದರ ಜಾಗಕ್ಕೆ ಗೂಗಲ್ ಟಿವಿ ಸ್ಟ್ರೀಮರ್ ಅಂತ ಹೊಸದು, ಅಮೆರಿಕದಲ್ಲಿ 99.99 ಡಾಲರ್. ಆ ದಿನ ಬೇಕರಿಯಿಂದ ಖಾರಾ ಬನ್ ತರಿಸಿ ಹಂಚಿದೆವು. ಹಳೆಯದು ನಿಲ್ಲುತ್ತದೆ, ಹೊಸದು ನಮ್ಮಲ್ಲಿಗೆ ಸದ್ಯಕ್ಕೆ ಬರುವುದಿಲ್ಲ, ದೀಪಾವಳಿಗೆ ಕಪಾಟು ಖಾಲಿ! ಆದರೆ ಆ ಖಾಲಿ ಕಪಾಟಿಗೆ ಇಡಲು ನಮ್ಮ ಹತ್ತಿರ ಡಬ್ಬಿ ಎಲ್ಲಿತ್ತು?

ಈ ಆತುರದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಬಿಐಎಸ್ ನಂಬರ್ ಬರುವ ಮುಂಚೆಯೇ ಎರಡು ಸಾವಿರ ಕಾರ್ಟನ್ ಮುದ್ರಣಕ್ಕೆ ಕೊಟ್ಟೆ. ನಂಬರ್ ಇರುವ ಲೇಬಲ್ ಡಬ್ಬಿಗೆ ಆಮೇಲೆ ಅಂಟಿಸಬಹುದು ಅಂತ. ಅದು ಸರಿಯೇ. ಆದರೆ ಕಾರ್ಟನ್ ಮೇಲೆ ತಯಾರಿಕೆಯ ತಿಂಗಳು ಮುದ್ರಿಸಬೇಕು. ಸೆಪ್ಟೆಂಬರ್ 2024 ಅಂತ ಧೈರ್ಯವಾಗಿ ಹಾಕಿಸಿದೆ.

ಆನ್‌ಲೈನ್ ಅಂಗಡಿಗಳ ಹಬ್ಬದ ಮಾರಾಟ ಸೆಪ್ಟೆಂಬರ್ ಕೊನೇ ವಾರದಲ್ಲೇ ಶುರುವಾಯಿತು. ದೀಪಾವಳಿ ಸೇಲ್ ಅಂದರೆ ದೀಪಾವಳಿ ಹತ್ತಿರ ಅಂತ ನಾನು ತಿಳಿದಿದ್ದೆ. ಅದು ದಸರಾಕ್ಕೂ ಮುಂಚೆಯೇ ಬಂದು ಹೋಗುತ್ತದೆ, ಸರಕು ಅವರ ಗೋದಾಮಿಗೆ ಅದಕ್ಕೂ ವಾರಗಟ್ಟಲೆ ಮುಂಚೆ ಹೋಗಿರಬೇಕು. ಅಂದರೆ ನಿಮ್ಮ ದೀಪಾವಳಿ ನಿಜಕ್ಕೂ ಇರುವುದು ಗೌರಿ ಗಣೇಶ ಹಬ್ಬದ ಆಸುಪಾಸು.

ಅಕ್ಟೋಬರ್ 11, ಆಯುಧಪೂಜೆ. ಬಿಐಎಸ್ ನಂಬರ್ ಅದೇ ವಾರ ಬಂದಿತ್ತು. ಬೊಮ್ಮಸಂದ್ರದಿಂದ ಪ್ರಾಯೋಗಿಕವಾಗಿ ಮಾಡಿದ ಇನ್ನೂರರಲ್ಲಿ ನಲವತ್ತು ಡಬ್ಬಿ ತಂದು ಆಫೀಸಿನ ಮೇಜಿನ ಮೇಲೆ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಹೂ ಇಟ್ಟೆವು. ಸಾಲ್ಡರಿಂಗ್ ಕಬ್ಬಿಣಕ್ಕೂ ಹೂ, ಲ್ಯಾಪ್‌ಟಾಪ್‌ಗಳಿಗೂ ಹೂ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದದ್ದೂ ಆಯಿತು. ಒಂದು ಡಬ್ಬಿಯ ಎಚ್‌ಡಿಎಂಐ ಕಿಂಡಿಗೆ ಕುಂಕುಮ ಹೋಗಿ ಅದು ಕೊನೆಗೂ ಕೆಲಸ ಮಾಡಲಿಲ್ಲ.

ಆ ನಲವತ್ತರಲ್ಲಿ ಒಂದನ್ನು ದೀಪಾವಳಿಗೆ ಅರಸೀಕೆರೆಗೆ, ಅಮ್ಮನ ಮನೆಗೆ ತಗೊಂಡು ಹೋದೆ. ಹಾಕಿಕೊಟ್ಟೆ. ಅಮ್ಮ ಐದು ನಿಮಿಷ ಧಾರಾವಾಹಿ ನೋಡಿ, "ಏನೋ ಇದು, ಎಲ್ಲರ ಮುಖಕ್ಕೂ ಹಾಲಿನ ಕೆನೆ ಬಳಿದ ಹಾಗಿದೆಯಲ್ಲೋ" ಅಂದಳು. ನೆಟ್ ನಿಧಾನ ಇರಬೇಕು ಅಂದೆ. "ಫೋನಿನಲ್ಲಿ ಚೆನ್ನಾಗೇ ಬರುತ್ತಲ್ಲ" ಅಂದಳು. ಹೌದಲ್ಲ.

ಡಿಆರ್‌ಎಂ, ಅಂದರೆ ವಿಡಿಯೋ ನಕಲು ತಡೆಯುವ ಬೀಗದ, ಮಾಹಿತಿ ತೋರಿಸುವ ಒಂದು ಪುಟ್ಟ ಆ್ಯಪ್ ಹಾಕಿ ನೋಡಿದೆ. ಗೂಗಲ್‌ನ ಬೀಗ ವೈಡ್‌ವೈನ್, ಅದರ ಮಟ್ಟ ಎಲ್3 ಅಂತ ಇತ್ತು. ಇರಬೇಕಾದದ್ದು ಎಲ್1. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಸಿನಿಮಾ, ಧಾರಾವಾಹಿಗಳು ಬೀಗ ಹಾಕಿದ ರೂಪದಲ್ಲಿ ಬರುತ್ತವೆ. ಬೀಗ ತೆಗೆಯುವ ಕೆಲಸ ಚಿಪ್ಪಿನೊಳಗಿನ ಭದ್ರ ಕೋಣೆಯಲ್ಲಿ ನಡೆದರೆ ಎಲ್1, ಎಚ್‌ಡಿ ಚಿತ್ರ ಬರುತ್ತದೆ. ಬರೀ ಸಾಫ್ಟ್‌ವೇರ್‌ನಲ್ಲಿ ನಡೆದರೆ ಎಲ್3, ಹೆಚ್ಚಿನ ಸೇವೆಗಳು ಮಸುಕು ಚಿತ್ರ ಮಾತ್ರ ಕೊಡುತ್ತವೆ. ಎಲ್1 ಆಗಬೇಕಾದರೆ ಪ್ರತಿ ಡಬ್ಬಿಗೂ ಅದರದೇ ಒಂದು ಗುಪ್ತ ಕೀಲಿಯನ್ನು ಕಾರ್ಖಾನೆಯಲ್ಲಿ ತುಂಬಬೇಕು. ಜೋಡಣೆ ಸಾಲಿನಲ್ಲಿ ಆ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಇನ್ನೂರಕ್ಕೆ ಇನ್ನೂರೂ ಎಲ್3. ಡಬ್ಬಿ ಆನ್ ಆಗುತ್ತದಾ, ವೈಫೈ ಹಿಡಿಯುತ್ತದಾ, ರಿಮೋಟ್ ಕೆಲಸ ಮಾಡುತ್ತದಾ ಅಂತೆಲ್ಲ ಪರೀಕ್ಷೆ ಮಾಡಿದ್ದರು. ಚಿತ್ರ ಸ್ಪಷ್ಟವಾಗಿದೆಯಾ ಅಂತ ಯಾರೂ ನೋಡಿರಲಿಲ್ಲ. ನಾನು ಕೊಟ್ಟ ಪರೀಕ್ಷೆಯ ಪಟ್ಟಿಯಲ್ಲೇ ಅದು ಇರಲಿಲ್ಲ.

ಎರಡು ಸಾವಿರವನ್ನೂ ಹಬ್ಬಕ್ಕೆ ಅಂತ ಮಾರಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಹೆಸರಿನ ಆ ಅಡ್ಡಗೆರೆ ನಮ್ಮನ್ನು ಕಾಪಾಡಿತು ಅಂತ ಶಿವು ಈಗಲೂ ಹೇಳುತ್ತಾನೆ. ಅಮ್ಮ ಕಾಪಾಡಿದಳು ಅಂತ ನಾನು.

ಇನ್ನೂರನ್ನೂ ಬಿಚ್ಚಿ ಕೀಲಿ ತುಂಬಿಸಿ ಮತ್ತೆ ಮುಚ್ಚಲು ನವೆಂಬರ್ ಹೋಯಿತು. ಸೆಪ್ಟೆಂಬರ್ ಅಂತ ಮುದ್ರಿಸಿದ ಕಾರ್ಟನ್‌ಗಳು ಆಫೀಸಿನ ಬಚ್ಚಲ ಪಕ್ಕ ಸೂರು ಮುಟ್ಟುವ ಹಾಗೆ ಕೂತಿದ್ದವು. ಸ್ಟಿಕರ್ ಅಂಟಿಸಿ ತಿಂಗಳು ಬದಲಾಯಿಸೋಣ ಅಂತ ಎಲ್ಲರಿಗೂ ಮೊದಲು ಹೊಳೆಯುವುದು. ತೂಕ-ಅಳತೆಯ ಪ್ಯಾಕಿಂಗ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಕಡ್ಡಾಯವಾಗಿ ಮುದ್ರಿಸಬೇಕಾದ ವಿವರಗಳನ್ನು ಬಿಡಿ ಸ್ಟಿಕರ್ ಹಾಕಿ ತಿದ್ದುವ ಹಾಗಿಲ್ಲ. ಒಂದೇ ಒಂದು ವಿನಾಯಿತಿ ಇದೆ: ಎಂಆರ್‌ಪಿ ಇಳಿಸುವುದಾದರೆ ಸ್ಟಿಕರ್ ಹಾಕಬಹುದು, ಅದೂ ಹಳೇ ಬೆಲೆ ಮುಚ್ಚದ ಹಾಗೆ. ಎರಡು ಸಾವಿರ ಕಾರ್ಟನ್, ತಲಾ 32 ರೂಪಾಯಿ, 64,000 ರೂಪಾಯಿ ಗುಜರಿಗೆ ಹೋಯಿತು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟ ದುಡ್ಡಿನಲ್ಲಿ ಐದೂ ಜನ ಮಸಾಲೆ ದೋಸೆ ತಿಂದೆವು. ಕಾಫಿಗೆ ಕೈಯಿಂದ ಹಾಕಿಕೊಂಡೆವು.

ಇನ್ನು ಯಾವ ದಿನಕ್ಕೆ ಗುರಿ ಇಡುವುದು? ಡಿಸೆಂಬರ್‌ನಲ್ಲಿ ಇದೇ ಚರ್ಚೆ. ತಿಪಟೂರು ಮಾವ ಹೇಳಿದ್ದು ಒಂದೇ ಮಾತು. "ಕ್ರಿಕೆಟ್ ಶುರುವಾಗೋಕೆ ಹದಿನೈದು ದಿನ ಮುಂಚೆ ಅಂಗಡೀಲಿರಬೇಕು. ಶುರುವಾದ ಮೇಲೆ ತಂದ್ರೆ ಯಾರು ಸಾರ್ ತಗೊಳ್ತಾರೆ?" ಅಳಿಯನಿಗೆ ನೀನು, ನನಗೆ ಸಾರ್.

ಈ ಧಂಧೆಯಲ್ಲಿ ದಿನ ಆರಿಸುವುದು ಹಳೇ ಆಟ. 2010ರ ಸೆಪ್ಟೆಂಬರ್ 1ಕ್ಕೆ ಆ್ಯಪಲ್ ತನ್ನ 99 ಡಾಲರ್‌ನ ಟಿವಿ ಡಬ್ಬಿ ತೋರಿಸಿತು. ಅದಕ್ಕೂ ಮುಂಚೆಯೇ ರೋಕು ತನ್ನ ಡಬ್ಬಿಗಳ ಬೆಲೆ ಇಳಿಸಿಬಿಟ್ಟಿತ್ತು. 2014ರಲ್ಲಿ ಏಪ್ರಿಲ್ 2ಕ್ಕೆ ಫೈರ್ ಟಿವಿ ಬರುವ ಮೊದಲೇ, ಮಾರ್ಚ್‌ನಲ್ಲೇ, ರೋಕು 49.99 ಡಾಲರ್‌ನ ಕಡ್ಡಿ, ಅಂದರೆ ಸ್ಟಿಕ್, ಪ್ರಕಟಿಸಿತ್ತು. ಮುಂಚೆ ಬಂದರೆ ಗೆದ್ದೆವು ಅಂತಲೂ ಅಲ್ಲ. ಲಾಜಿಟೆಕ್ ರೆವ್ಯೂ ಅಂತ ಒಂದು ಗೂಗಲ್ ಟಿವಿ ಡಬ್ಬಿ 2010ರಲ್ಲೇ 299 ಡಾಲರ್‌ಗೆ ಬಂದು, ಮರುವರ್ಷ 99ಕ್ಕೆ ಇಳಿದು, ಕಣ್ಮರೆಯಾಯಿತು. 2012ರ ಗೂಗಲ್ ಡಬ್ಬಿ ನೆಕ್ಸಸ್ ಕ್ಯೂ ಅಂತೂ ಪ್ರಕಟವಾಗಿ ಅಂಗಡಿಗೆ ಬರಲೇ ಇಲ್ಲ. ಮರುವರ್ಷ ಅದೇ ಗೂಗಲ್ 35 ಡಾಲರ್‌ನ ಕ್ರೋಮ್‌ಕಾಸ್ಟ್ ತಂದಾಗ ಜನ ಮುಗಿಬಿದ್ದರು. ಈ ಕಥೆಗಳನ್ನು ನಾನು ಹುಡುಗರಿಗೆ ಹೇಳುತ್ತಿದ್ದೆ. ನಮ್ಮ ಅಕೌಂಟ್ಸ್ ಹುಡುಗಿ ಮಧ್ಯೆ ಬಾಯಿ ಹಾಕಿ, "ಸಾರ್, ಚೀನಾ ಹೊಸ ವರ್ಷ ಈ ಸಲ ಯಾವತ್ತು?" ಅಂದಳು.

ಜನವರಿ 29. ಅಂದರೆ ಬೋರ್ಡ್‌ಗಳು ಜನವರಿ ಮಧ್ಯಕ್ಕೆ ಅಲ್ಲಿಂದ ಹೊರಡದಿದ್ದರೆ ಐಪಿಎಲ್ ಕೂಡ ಕೈತಪ್ಪುತ್ತಿತ್ತು. ಹಡಗಿನ ಬದಲು ವಿಮಾನದಲ್ಲಿ ತರಿಸಿದೆವು, ಡಬ್ಬಿಗೆ 60 ರೂಪಾಯಿ ಜಾಸ್ತಿ ಬಿತ್ತು. ಕೊಟ್ಟೆವು. ಹೊಸ ಕಾರ್ಟನ್ ಮುದ್ರಿಸಿದೆವು, ಈ ಸಲ ಫೆಬ್ರವರಿ 2025 ಅಂತ. ಜೋಡಣೆ ಫೆಬ್ರವರಿಯಲ್ಲೇ ಮುಗಿಯಿತು. ಕಾಗದವೆಲ್ಲ ಸರಿ. ಪ್ರತಿ ಡಬ್ಬಿಯಲ್ಲೂ ಎಲ್1.

ಫೆಬ್ರವರಿ 14ರ ಬೆಳಗ್ಗೆ ಜಿಯೋಸಿನಿಮಾ, ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆದವು. ನಮ್ಮ ಹೊಸ ಕಾರ್ಟನ್‌ನ ಮುಂಭಾಗದಲ್ಲಿ ಆ ಎರಡೂ ಆ್ಯಪ್‌ಗಳ ಹಳೇ ಲೋಗೋ ಚಿತ್ರಗಳು ಪಕ್ಕಪಕ್ಕದಲ್ಲಿ ಕೂತಿದ್ದವು.

ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಎರಡು ಕಂಪನಿ ಸೇರುತ್ತವೆ ಅಂತ ವರ್ಷದ ಹಿಂದೆಯೇ ಪತ್ರಿಕೆಗಳಲ್ಲಿ ಬಂದಿತ್ತು, ನವೆಂಬರ್‌ನಲ್ಲಿ ವಿಲೀನ ಮುಗಿದೂ ಇತ್ತು. ಓದಿದ್ದೆ. ಕಾರ್ಟನ್ ಡಿಸೈನ್ ಒಪ್ಪುವಾಗ ಅದು ತಲೆಗೆ ಬರಲೇ ಇಲ್ಲ. ಪುಣ್ಯಕ್ಕೆ ಆ್ಯಪ್ ಚಿತ್ರ ಕಡ್ಡಾಯ ವಿವರ ಅಲ್ಲ, ಅಲ್ಲಿಗೆ ಸ್ಟಿಕರ್ ಹಾಕಬಹುದು. ಎರಡು ರಾತ್ರಿ ಕೂತು ಎರಡು ಸಾವಿರ ಕಾರ್ಟನ್‌ಗೆ ನಾವೇ ಅಂಟಿಸಿದೆವು. ಒಂದು ಮೂಲೆಯಿಂದ ಶುರುಮಾಡಿ ಹೆಬ್ಬೆರಳಲ್ಲಿ ತಳ್ಳುತ್ತಾ ಹೋಗಬೇಕು, ಇಲ್ಲದಿದ್ದರೆ ಮಧ್ಯೆ ಗಾಳಿಗುಳ್ಳೆ ಉಳಿಯುತ್ತದೆ. ನೂರನೇ ಕಾರ್ಟನ್ ಹೊತ್ತಿಗೆ ಹೆಬ್ಬೆರಳ ಚರ್ಮ ಸುಲಿದಿತ್ತು. ಆಮೇಲೆ ಬಸ್ ಪಾಸಿನ ಪ್ಲಾಸ್ಟಿಕ್ ಕಾರ್ಡ್ ಬಳಸಿದೆವು. ನಿಮ್ಮ ಕಾರ್ಟನ್ ಮೇಲೆ ಬೇರೆಯವರ ಚಿತ್ರ ಹಾಕಲೇಬೇಡಿ. ಹಾಕಲು ಅವರ ಒಪ್ಪಿಗೆಯೂ ಬೇಕು, ಅದು ಇನ್ನೊಂದು ತಲೆನೋವು.

ಮಾರ್ಚ್ 10ಕ್ಕೆ ತಿಪಟೂರು, ಅರಸೀಕೆರೆ, ತುಮಕೂರು, ಹಾಸನದ ಹನ್ನೊಂದು ಅಂಗಡಿಗಳಿಗೆ ಸರಕು ಹೋಯಿತು. ಐದೇ ದಿನ. ದೊಡ್ಡ ಬ್ರ್ಯಾಂಡ್ ಒಂದು ತನ್ನ ಕಡ್ಡಿಯ ಬೆಲೆ ಇಳಿಸಿತು. ನಮ್ಮನ್ನು ನೋಡಿ ಇಳಿಸಿದ್ದಲ್ಲ, ನಾವಿದ್ದೇವೆ ಅಂತಲೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಅವರ ಕ್ಯಾಲೆಂಡರ್‌ನಲ್ಲೂ ಐಪಿಎಲ್ ಇತ್ತಲ್ಲ.

ನಮ್ಮ ಲೆಕ್ಕ ಹೀಗಿತ್ತು. 2,999ರಲ್ಲಿ ಶೇ 18ರ ಜಿಎಸ್‌ಟಿ 457 ರೂಪಾಯಿ. ಅಂಗಡಿಯವರಿಗೆ 300. ಬೋರ್ಡ್, ಜೋಡಣೆ, ಪರವಾನಗಿ, ಸಾಗಣೆ, ಕಾರ್ಟನ್ ಎಲ್ಲ ಸೇರಿ 1,900. ನಮಗೆ ಉಳಿಯುವುದು 340ರ ಆಸುಪಾಸು. ಬೆಲೆಯನ್ನು 2,699ಕ್ಕೆ ಇಳಿಸಿದರೆ ಉಳಿಯುವುದು 87 ರೂಪಾಯಿ. ಇಳಿಸಿದೆವು. ಮತ್ತೆ ಸ್ಟಿಕರ್, ಈ ಸಲ ನಿಯಮದ ಪ್ರಕಾರ, ಹಳೇ ಬೆಲೆ ಕಾಣುವ ಹಾಗೆ. ತುಮಕೂರಿನ ಒಬ್ಬ ಡೀಲರ್, "ಹಳೇ ಬೆಲೆ ಕಾಣೋದೇ ಒಳ್ಳೇದು ಸಾರ್, ಗಿರಾಕಿಗೆ ಮುನ್ನೂರು ಉಳೀತು ಅನ್ಸುತ್ತೆ" ಅಂದರು.

ಮಾರ್ಚ್ 22ಕ್ಕೆ ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ ಗೆದ್ದಿತು. ಮರುದಿನ ಭಾನುವಾರ ಅರವತ್ತೊಂದು ಡಬ್ಬಿ ಹೋದವು. ಆರ್‌ಸಿಬಿ ಗೆಲ್ಲುತ್ತಾ ಹೋದ ಹಾಗೆ ಫೋನ್ ಬರುತ್ತಾ ಹೋಯಿತು. ಮೇ 9ಕ್ಕೆ ಟೂರ್ನಿಯೇ ನಿಂತಿತು. ಗಡಿಯಲ್ಲಿ ಅಂಥ ಪರಿಸ್ಥಿತಿ, ಡಬ್ಬಿಯ ಯೋಚನೆ ಮಾಡುವುದೇ ನಾಚಿಕೆ ಅನ್ನಿಸುತ್ತಿತ್ತು. ಆ ವಾರ ಮೂರು ಅಂಗಡಿಯವರು ಆರ್ಡರ್ ರದ್ದು ಮಾಡಿದರು. 17ಕ್ಕೆ ಮತ್ತೆ ಶುರುವಾಯಿತು, ಬೆಂಗಳೂರಿನಲ್ಲೇ ಪಂದ್ಯ, ಒಂದು ಚೆಂಡೂ ಹಾಕದೆ ಮಳೆಯಲ್ಲಿ ಕೊಚ್ಚಿಹೋಯಿತು.

ಜೂನ್ 3, ಫೈನಲ್ ದಿನದ ಹೊತ್ತಿಗೆ ಎರಡು ಸಾವಿರದಲ್ಲಿ ನಮ್ಮ ಹತ್ತಿರ ಉಳಿದದ್ದು ಇನ್ನೂರ ಹನ್ನೆರಡು. ದುಡ್ಡಿನ ಲೆಕ್ಕದಲ್ಲಿ ಹೇಳುವುದಾದರೆ, ಗುಜರಿಗೆ ಹೋದ ಕಾರ್ಟನ್, ಎರಡು ಸಲ ಕಟ್ಟಿದ ಇಟಿಎ, ವಿಮಾನದ ಖರ್ಚು ಕಳೆದ ಮೇಲೆ ಹದಿನಾಲ್ಕು ತಿಂಗಳ ನಮ್ಮ ಸಂಬಳ ಅದರಲ್ಲಿ ಹುಟ್ಟಲಿಲ್ಲ. ಬೇರೆಯವರಿಗೆ ಸಾಫ್ಟ್‌ವೇರ್ ಬರೆದುಕೊಟ್ಟು ಅದನ್ನು ತುಂಬಿಕೊಂಡೆವು. ಈ ದಾರಿಗೆ ಬರುವವರು ಒಂದು ವರ್ಷ ಬೇರೆ ಆದಾಯ ಇಟ್ಟುಕೊಂಡೇ ಬನ್ನಿ.

ಫೈನಲ್ ರಾತ್ರಿ ಅಮ್ಮನ ಮನೆಯಲ್ಲಿದ್ದೆ. ಕೊನೇ ಓವರ್ ಮುಗಿದು ಬೀದಿಯಲ್ಲಿ ಪಟಾಕಿ ಶುರುವಾದಾಗ ಶಿವು ಫೋನ್ ಮಾಡಿದ. ಕಪ್ಪಿನ ಮಾತು ಎರಡು ನಿಮಿಷ. ಆಮೇಲೆ ಮುಂದಿನ ಮಾಡೆಲ್‌ಗೆ ಏನು ಹೆಸರಿಡೋಣ ಅಂತ ಕೇಳಿದ. ಸದ್ಯಕ್ಕೆ "ತೇಜ" ಅಂತ ಇಟ್ಟಿದ್ದೇವೆ. ಅಂಕಿ ಇಲ್ಲ, ಖಾಲಿ ಜಾಗ ಇಲ್ಲ, ಅಡ್ಡಗೆರೆ ಇಲ್ಲ.